ಮನೆಗೆ ಹಣ ಕೊಡುವ ಮುನ್ನ, ಕೊಟ್ಟ ಮೇಲೆ: ಬೆಂಗಳೂರಿನಲ್ಲಿ ಯಾವ ಬಾಗಿಲು ತಟ್ಟಬೇಕು

ಮನೆ ವಿಚಾರದಲ್ಲಿ ಸಲಹೆ ಕೊಡುವವರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಬ್ರೋಕರ್ ಕೊಡುತ್ತಾನೆ, ಬಿಲ್ಡರ್ ಕಡೆಯ ಸೇಲ್ಸ್ ಹುಡುಗ ಕೊಡುತ್ತಾನೆ, ಸಾಲ ಮಾಡಿಸಿಕೊಡುವ ಏಜೆಂಟ್ ಕೊಡುತ್ತಾನೆ. ಮೂವರಿಗೂ ದುಡ್ಡು ಬರುವುದು ವ್ಯವಹಾರ ಕುದುರಿದರೆ ಮಾತ್ರ. ‘ಈ ಮನೆ ಬೇಡ ಬಿಡಿ’ ಎಂದು ಹೇಳಬಲ್ಲ ಸಲಹೆಗಾರ ಬೇಕಿದ್ದರೆ ಬೇರೆ ಕಡೆ ಹೋಗಬೇಕು.

ಅಮೆರಿಕದಲ್ಲಿ ಇದಕ್ಕೆ ಕಾನೂನೇ ದಾರಿ ಮಾಡಿಕೊಟ್ಟಿದೆ. ಅಲ್ಲಿನ 1968ರ ವಸತಿ ಕಾಯ್ದೆಯ ಕಲಂ 106ರಡಿ ಮನೆ ಕೊಳ್ಳುವವರಿಗೂ ಬಾಡಿಗೆದಾರರಿಗೂ ಸಲಹೆ ಕೊಡುವ ಮಾನ್ಯತೆ ಪಡೆದ ಸಂಸ್ಥೆಗಳಿವೆ. ನಾರ್ತ್ ಕೆರೊಲಿನಾ ರಾಜ್ಯವಂತೂ 1999ರಲ್ಲೇ, ತೀರಾ ದುಬಾರಿ ಮನೆ ಸಾಲ ಪಡೆಯುವವರು ಮೊದಲು ಅಂಥ ಸಲಹೆಗಾರರನ್ನು ಕಂಡಿರಲೇಬೇಕು ಎಂದು ಕಾನೂನು ಮಾಡಿತು. ನಮ್ಮಲ್ಲಿ ಆ ಹೆಸರಿನ ಕಾಯ್ದೆಯಿಲ್ಲ. ಸೌಲಭ್ಯ ಮಾತ್ರ ಇದೆ, ನಾಲ್ಕಾರು ಕಾಯ್ದೆಗಳಲ್ಲಿ ಚೆದುರಿಹೋಗಿದೆ. ಯಾವ ತೊಂದರೆಗೆ ಯಾವ ಕಚೇರಿ, ಯಾವ ಕಾಗದ, ಎಷ್ಟು ದಿನದ ಗಡುವು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಉಚಿತ ವಕೀಲರು

15100. ಇದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಉಳಿದವರಿಗೆ ರಾಜ್ಯ ಗೊತ್ತುಪಡಿಸಿದ ಆದಾಯ ಮಿತಿ ಇದೆ. ಈಗಿನ ಮಿತಿ ಎಷ್ಟೆಂದು ಅದೇ ಸಂಖ್ಯೆಯಲ್ಲಿ ಹೇಳುತ್ತಾರೆ. ಜನರ ಗಮನಕ್ಕೆ ಬಾರದ ಅಂಶ ಇಲ್ಲಿದೆ: ಮನೆ ಅಥವಾ ಲೀಸ್ ಕರಾರು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಹೆಂಡತಿ ಅರ್ಜಿ ಹಾಕಬಹುದು, ಅವರ ಸಂಬಳ ಎಷ್ಟೆಂದು ಕೇಳುವ ಹಾಗಿಲ್ಲ.

ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಮನೆ ತಗಾದೆಗೆ ಸಾಮಾನ್ಯವಾಗಿ ಬೇಕಾಗುವುದು ಜಿಲ್ಲಾ ಪ್ರಾಧಿಕಾರ. ಬೆಂಗಳೂರು ನಗರದ್ದು ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣದಲ್ಲಿದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದರೆ ಸಾಕು. ಜೊತೆಗೆ ಗುರುತಿನ ಚೀಟಿ, ಜಾತಿ ಅಥವಾ ಆದಾಯದ ಆಧಾರದಲ್ಲಿ ಕೇಳುತ್ತಿದ್ದರೆ ಅದರ ದಾಖಲೆ, ತಗಾದೆಯ ಕಾಗದಗಳ ಜೆರಾಕ್ಸ್.

ಅರ್ಜಿ ಒಂದೇ ಪುಟ ಇರಲಿ. ಯಾರು, ಯಾವ ಮನೆ, ಯಾವ ದಿನ ಎಷ್ಟು ಹಣ ಕೊಟ್ಟಿರಿ, ಹೇಗೆ ಕೊಟ್ಟಿರಿ, ಈಗ ನಿಮಗೆ ಏನು ಬೇಕು. ಓನರ್ ಎಂಥ ಮನುಷ್ಯ ಎಂಬ ವರ್ಣನೆ ಬೇಡ. ಕೊನೆಯ ಸಾಲು ಮುಖ್ಯ: ‘ನ್ಯಾಯ ಒದಗಿಸಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ, ‘ಅಡ್ವಾನ್ಸ್ 1,50,000 ರೂಪಾಯಿ ವಾಪಸ್ ಕೊಡಿಸಿ’ ಎಂದರೆ ತಿಳಿಯುತ್ತದೆ.

ನಿಮಗೆ ನೇಮಿಸಿದ ಪ್ಯಾನೆಲ್ ವಕೀಲರಿಗೆ ಶುಲ್ಕ ಕೊಡುವುದು ಪ್ರಾಧಿಕಾರ. ಅವರು ನಿಮ್ಮ ಹತ್ತಿರ ಕೇಳಿದರೆ ಕೊಡಬೇಡಿ, ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಡಿ, ವಕೀಲರನ್ನು ಬದಲಿಸಿಕೊಡುತ್ತಾರೆ.

ಕೇಸು ಹಾಕುವ ಮೊದಲೇ ರಾಜಿಗೆ ಕರೆಸುವ ದಾರಿಯೂ ಇಲ್ಲೇ ಇದೆ. ಇದಕ್ಕೆ ವ್ಯಾಜ್ಯಪೂರ್ವ ಅರ್ಜಿ ಎನ್ನುತ್ತಾರೆ, ಕೋರ್ಟ್ ಶುಲ್ಕವಿಲ್ಲ. ಎದುರಿನವರು ಬಂದು ಲೋಕ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಬಾರದೇ ಹೋದರೆ? ಅರ್ಜಿ ಅಲ್ಲಿಗೇ ಮುಗಿಯಿತು, ಎಳೆದು ತರುವ ಅಧಿಕಾರ ಅವರಿಗಿಲ್ಲ. ಆದ್ದರಿಂದ ಲಕ್ಷ, ಎರಡು ಲಕ್ಷದ ಅಡ್ವಾನ್ಸ್ ಜಗಳಕ್ಕೆ ಇದು ಒಳ್ಳೆಯ ದಾರಿ, ಊರು ಬಿಟ್ಟು ಓಡಿದವನಿಗಲ್ಲ.

ಲೀಸ್ ಎಂಬ ಬೆಂಗಳೂರಿನ ವ್ಯವಹಾರ

ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವ ಏರ್ಪಾಡಿಗೆ ಹಳಬರು ಭೋಗ್ಯ ಎನ್ನುತ್ತಾರೆ, ಈಗಿನವರು ಲೀಸ್ ಎನ್ನುತ್ತಾರೆ. ಬಾಡಿಗೆ ಉಳಿಯುತ್ತದೆ ಎಂಬುದು ನಿಜ. ನಗರದಲ್ಲಿ ಮಧ್ಯಮ ವರ್ಗದ ಮನೆಯವರ ಉಳಿತಾಯ ಒಂದೇ ಏಟಿಗೆ ಹೋಗುವುದೂ ಹೆಚ್ಚಾಗಿ ಇಲ್ಲೇ. ನಿಧಾನವಾಗಿ ಓದಿ.

ಆಗುವುದು ಹೀಗೆ. ಮನೆಯ ಮೇಲೆ ಬ್ಯಾಂಕ್ ಸಾಲ ಇರುತ್ತದೆ. ಓನರ್ ಹೇಳುವುದಿಲ್ಲ. ನೀವು ಕೊಟ್ಟ ಹಣ ಬೇರೆಲ್ಲೋ ಹೋಗುತ್ತದೆ, ಕಂತು ನಿಲ್ಲುತ್ತದೆ, ಒಂದು ದಿನ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಆಗ ನೀವು ತೋರಿಸುವ ಕರಾರನ್ನು ಕಾನೂನು ಹೇಗೆ ನೋಡುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 65ಎ ಪ್ರಕಾರ, ಆಸ್ತಿ ಅಡವಿಟ್ಟವನು ಅದನ್ನು ಗುತ್ತಿಗೆಗೆ ಕೊಡುವುದಾದರೆ ನ್ಯಾಯವಾದ ಬಾಡಿಗೆ ಗೊತ್ತುಪಡಿಸಬೇಕು, ಇಡಿಗಂಟು ತೆಗೆದುಕೊಳ್ಳಕೂಡದು, ಬಾಡಿಗೆಯನ್ನು ಮುಂಗಡ ಪಡೆಯಕೂಡದು. ಮನೆ ಆದರೆ ಅವಧಿ ಮೂರು ವರ್ಷ ಮೀರಕೂಡದು. ನಮ್ಮ ಲೀಸಿನಲ್ಲಿ ಇರುವುದೇ ಇಡಿಗಂಟು! ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಬ್ಯಾಂಕಿನ ಎದುರು ನಿಮ್ಮ ಹಕ್ಕು ಬಹಳ ತೆಳು.

ಎರಡನೆಯ ದೌರ್ಬಲ್ಯ ಕಾಗದದ್ದು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಸ್ವಾಧೀನ ಕೊಟ್ಟು ಮಾಡುವ ಭೋಗ್ಯದ ಅಡಮಾನವಾದರೆ 100 ರೂಪಾಯಿ ಮೇಲ್ಪಟ್ಟ ಯಾವ ಮೊತ್ತಕ್ಕೂ ನೋಂದಣಿ ಕಡ್ಡಾಯ. ಮುದ್ರಾಂಕ ಶುಲ್ಕ ಉಳಿಸಲು ಎಲ್ಲರೂ ಸಣ್ಣ ಬೆಲೆಯ ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿ ಸುಮ್ಮನಾಗುತ್ತಾರೆ. ಅದೇ ಕಾಗದವನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಇಡಲು ಹೋದಾಗ, ಕರ್ನಾಟಕ ಸ್ಟಾಂಪ್ ಕಾಯ್ದೆಯಡಿ ಕೊರತೆ ಬಿದ್ದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿ ಎನ್ನುತ್ತಾರೆ. ನೋಟರಿ ಸೀಲು ನೋಂದಣಿಯಲ್ಲ. ಸಹಿ ಹಾಕಿದ್ದು ಇಂಥವರೇ ಎಂಬುದಕ್ಕೆ ಅದೊಂದು ಸಾಕ್ಷಿ, ಅಷ್ಟೆ.

ಆದ್ದರಿಂದ ಟೋಕನ್ ಕೊಡುವ ಮೊದಲೇ ಈ ಕೆಲಸ ಮುಗಿಸಿ. ಕಾವೇರಿ 2.0 ಜಾಲತಾಣದಲ್ಲಿ ಆ ಆಸ್ತಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಲೀಸಿಗೆ 15 ವರ್ಷದ್ದು ಸಾಕು: ಅಡಮಾನದ ಹಣ ವಸೂಲಿಗೆ ದಾವೆ ಹಾಕುವ ಕಾಲಮಿತಿ 12 ವರ್ಷ. ಇಸಿಯಲ್ಲಿ ಕೊನೆಯ ಕ್ರಯದ ಹೆಸರು ಮತ್ತು ನಿಮ್ಮ ಎದುರು ಕೂತವರ ಹೆಸರು ಒಂದೇ ಇರಬೇಕು. ‘ಅಪ್ಪನ ಹೆಸರಲ್ಲಿದೆ, ನಾನೇ ನೋಡ್ಕೊಳ್ಳೋದು’ ಎಂದರೆ ಅಪ್ಪನೇ ಸಹಿ ಹಾಕಲಿ. ತೀರಿಕೊಂಡಿದ್ದರೆ ವಾರಸುದಾರರೆಲ್ಲ ಹಾಕಲಿ.

ಇಸಿ ಶುದ್ಧವಾಗಿದೆ ಎಂದು ನೆಮ್ಮದಿ ಪಡಬೇಡಿ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡುವ ಅಡಮಾನ ನೋಂದಣಿ ಆಗದೆಯೂ ನಡೆಯುವುದರಿಂದ ಇಸಿಯಲ್ಲಿ ಕಾಣದೇ ಹೋಗಬಹುದು. ಅದಕ್ಕೇ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ ಇದೆ. ಬ್ಯಾಂಕುಗಳು ಅಡಮಾನವನ್ನು ಅಲ್ಲಿ ದಾಖಲಿಸುತ್ತವೆ. ಅಲ್ಪ ಶುಲ್ಕ ಕಟ್ಟಿ ಸಾರ್ವಜನಿಕರು ಹುಡುಕಬಹುದು. ಸರ್ವೆ ನಂಬರ್, ಸೈಟ್ ನಂಬರ್‌ಗಳನ್ನು ಒಂದೊಂದು ಬ್ಯಾಂಕು ಒಂದೊಂದು ಥರ ನಮೂದಿಸುವುದರಿಂದ ಎರಡು ಮೂರು ರೀತಿ ಹಾಕಿ ನೋಡಿ.

ಆಮೇಲೆ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು. ‘ಲಾಕರ್‌ನಲ್ಲಿದೆ’ ಎಂದರೆ ತೆಗೆದುಕೊಂಡು ಬನ್ನಿ, ಕಾಯುತ್ತೇವೆ ಎನ್ನಿ. ಬಣ್ಣದ ಜೆರಾಕ್ಸ್ ಈಗ ಎಷ್ಟು ಚೆನ್ನಾಗಿ ಬರುತ್ತದೆಂದರೆ ಮೊದಲ ನೋಟಕ್ಕೆ ಮೂಲದ್ದೇ ಎನಿಸುತ್ತದೆ. ಹಾಳೆಯನ್ನು ಮಗುಚಿ, ಸಹಿ ಇರುವ ಜಾಗದ ಹಿಂದೆ ಬೆರಳಾಡಿಸಿ: ಬಾಲ್‌ಪೆನ್ನಿನ ಸಹಿಯಾದರೆ ಒತ್ತು ಬೆರಳಿಗೆ ತಾಕುತ್ತದೆ, ಜೆರಾಕ್ಸಿನಲ್ಲಿ ಹಾಳೆ ನುಣ್ಣಗೆ. ದಸ್ತಾವೇಜು ಸಂಖ್ಯೆ, ನೋಂದಣಿ ದಿನಾಂಕ ಇಸಿಯಲ್ಲಿ ಇರುವುದಕ್ಕೆ ತಾಳೆಯಾಗಬೇಕು.

ಸಾಲ ಇದೆ ಎಂದು ಓನರ್ ಒಪ್ಪಿಕೊಂಡರೆ ಅದು ಕೆಟ್ಟ ಸುದ್ದಿಯೇನಲ್ಲ. ಬ್ಯಾಂಕಿನ ಒಪ್ಪಿಗೆ ಪತ್ರ ತರಿಸಿ, ಲೀಸ್ ಹಣವನ್ನು ಅವರ ಕೈಗೆ ಕೊಡದೆ ನೇರ ಸಾಲದ ಖಾತೆಗೆ ಜಮಾ ಮಾಡಿ, ಅದನ್ನು ಕರಾರಿನಲ್ಲಿ ಖಾತೆ ಸಂಖ್ಯೆ ಸಮೇತ ಬರೆಸಿ. ನಗದು ಮಾತ್ರ ಬೇಡವೇ ಬೇಡ. ಠೇವಣಿಯಾಗಿ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ಅಡ್ಡಿ ಇದೆ, ಪಡೆದವನಿಗೇ ದಂಡ. ಇದನ್ನು ಹೇಳಿದರೆ ಓನರ್ ಸಾಮಾನ್ಯವಾಗಿ ಬ್ಯಾಂಕ್ ವರ್ಗಾವಣೆಗೆ ಒಪ್ಪುತ್ತಾರೆ.

ಇನ್ನೊಂದು ಬಗೆಯ ಮೋಸವಿದೆ. ನಡುವಿನ ಕಂಪನಿಯೊಂದು ಓನರ್‌ನಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು ನಿಮಗೆ ಲೀಸಿಗೆ ಕೊಡುತ್ತದೆ. ಆರು ತಿಂಗಳು ಓನರ್‌ಗೆ ಬಾಡಿಗೆ ಹೋಗುತ್ತದೆ, ಆಮೇಲೆ ಕಂಪನಿಯ ಬಾಗಿಲು ಮುಚ್ಚುತ್ತದೆ. ಓನರ್ ಬಂದು ಬಾಡಿಗೆ ಕೊಡಿ ಇಲ್ಲ ಖಾಲಿ ಮಾಡಿ ಎನ್ನುತ್ತಾರೆ, ಅವರದ್ದೂ ತಪ್ಪೆನ್ನಲಾಗದು. ಕರಾರಿನಲ್ಲಿ ಓನರ್ ಸಹಿ ಇಲ್ಲದ, ಓನರ್ ಖಾತೆಗೆ ಹಣ ಹೋಗದ ಲೀಸಿಗೆ ಕೈ ಹಾಕಬೇಡಿ.

ಬಿಡುವ ದಿನ ಬೀಗದ ಕೈ ಮತ್ತು ಹಣ ಒಟ್ಟೊಟ್ಟಿಗೇ ಕೈ ಬದಲಾಗಬೇಕು. ಹೆಚ್ಚಿನ ಓನರ್‌ಗಳು ಮುಂದೆ ಬರುವವರ ಹಣದಲ್ಲೇ ನಿಮ್ಮದನ್ನು ತೀರಿಸುವವರು, ಹಾಗಾಗಿ ಎರಡು ತಿಂಗಳ ಮೊದಲೇ ಬರಹದಲ್ಲಿ ತಿಳಿಸಿ.

ಬಾಡಿಗೆಯ ಅಡ್ವಾನ್ಸ್

ಕರ್ನಾಟಕ ಬಾಡಿಗೆ ಕಾಯ್ದೆ 1999 ತಮ್ಮನ್ನು ಕಾಯುತ್ತದೆ ಎಂದು ಬಹಳ ಬಾಡಿಗೆದಾರರು ನಂಬಿದ್ದಾರೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಅಷ್ಟಕ್ಕೆ ಒಂದು ರೂಮೂ ಸಿಗುವುದು ಕಷ್ಟ. ಉಳಿದವರಿಗೆಲ್ಲ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಕರಾರು, ಇವೆರಡೇ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 106.

ಹೀಗಾಗಿ ಕರಾರಿನ ಸಾಲುಗಳೇ ನಿಮ್ಮ ಕಾನೂನು. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದು ಅಂಕಿಯಲ್ಲಿರಲಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರಿನ ರೂಢಿ. ಎರಡೇ ವರ್ಷ ಇದ್ದು ಗೋಡೆ ಚೆನ್ನಾಗಿದ್ದರೆ ಅದನ್ನೂ ಚೌಕಾಸಿ ಮಾಡಬಹುದು, ಆದರೆ ಸಹಿ ಹಾಕುವ ಮೊದಲು. ಮನೆಗೆ ಹೋದ ದಿನವೇ ಪ್ರತಿ ಗೋಡೆ, ನಲ್ಲಿ, ಬಾತ್‌ರೂಮಿನ ಟೈಲ್ಸು, ಗೀಸರ್ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ. ಆ ಸಂದೇಶದ ದಿನಾಂಕವೇ ಮುಂದೆ ಸಾಕ್ಷಿ.

ಹಣ ಬಾರದಿದ್ದರೆ ಪೊಲೀಸ್ ಠಾಣೆಯಲ್ಲಿ ‘ಸಿವಿಲ್ ಮ್ಯಾಟರ್’ ಎಂದು ಕಳಿಸುತ್ತಾರೆ, ಬಹುತೇಕ ಅದು ಸರಿಯೇ. ಸ್ಪೀಡ್ ಪೋಸ್ಟಿನಲ್ಲಿ 15 ದಿನದ ಗಡುವಿನ ನೋಟಿಸ್ ಕಳಿಸಿ, ಆಮೇಲೆ ಮೇಲೆ ಹೇಳಿದ ವ್ಯಾಜ್ಯಪೂರ್ವ ಅರ್ಜಿ, ಕೊನೆಗೆ ಹಣ ವಸೂಲಿ ದಾವೆ. ದಾವೆಗೆ ಮೂರು ವರ್ಷದ ಕಾಲಮಿತಿ.

ಬಿಲ್ಡರ್ ಮೇಲೆ ರೇರಾ ದೂರು

500 ಚದರ ಮೀಟರ್ ಮೀರಿದ ಜಾಗ, ಇಲ್ಲವೇ 8ಕ್ಕಿಂತ ಹೆಚ್ಚು ಫ್ಲಾಟ್ ಇರುವ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಬುಕ್ ಮಾಡುವ ಮೊದಲು ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಯೋಜನೆಯ ಪುಟ ತೆರೆಯಿರಿ. ಬ್ರೋಷರಿನಲ್ಲಿ ಹೇಳಿದ ಪೂರ್ಣಗೊಳ್ಳುವ ದಿನಾಂಕ ಮತ್ತು ಇಲ್ಲಿರುವ ದಿನಾಂಕ ಒಂದೇ ಆಗಿದೆಯೇ, ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ ನಿಂತುಹೋಗಿದೆಯೇ ನೋಡಿ. ವರದಿ ನಿಂತ ಯೋಜನೆಯಲ್ಲಿ ಕೆಲಸವೂ ಕುಂಟುತ್ತಿರುವುದು ಸಾಮಾನ್ಯ. ನೋಂದಾಯಿತ ಮಾರಾಟ ಕರಾರು ಆಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೊಡಬೇಡಿ. ಕೇಳುವುದು ರೇರಾ ಕಾಯ್ದೆಯ ಕಲಂ 13ಕ್ಕೆ ವಿರುದ್ಧ.

ಪೊಸೆಷನ್ ತಡವಾದರೆ ಕಲಂ 18ರಲ್ಲಿ ಎರಡು ದಾರಿ: ಯೋಜನೆಯಿಂದ ಹೊರಬಂದು ಬಡ್ಡಿ ಸಮೇತ ಹಣ ವಾಪಸ್, ಇಲ್ಲವೇ ಮನೆ ಬರುವವರೆಗೆ ಪ್ರತಿ ತಿಂಗಳ ಬಡ್ಡಿ. ಎರಡರಲ್ಲಿ ಒಂದನ್ನು ಆರಿಸಿಕೊಂಡೇ ದೂರು ಬರೆಯಿರಿ. ಎರಡನ್ನೂ ಕೇಳಿದ ದೂರುಗಳಲ್ಲಿ ಮೊದಲ ವಿಚಾರಣೆ ‘ನಿಮಗೆ ನಿಜವಾಗಿ ಏನು ಬೇಕು’ ಎಂಬಲ್ಲೇ ಕಳೆಯುತ್ತದೆ. ಮಾನಸಿಕ ಕಿರುಕುಳ, ನಷ್ಟ ಮುಂತಾದ ಪರಿಹಾರ ಬೇರೆ ಅರ್ಜಿ, ಅದನ್ನು ನೋಡುವವರು ನ್ಯಾಯನಿರ್ಣಯ ಅಧಿಕಾರಿ; ಬಡ್ಡಿ ಮತ್ತು ವಾಪಸಾತಿ ಪ್ರಾಧಿಕಾರದ ಕೆಲಸ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಪ್ರಾಧಿಕಾರಕ್ಕೆ ದೂರು ನಮೂನೆ ‘ಎನ್’ನಲ್ಲಿ, ಆನ್‌ಲೈನ್, ಶುಲ್ಕ 1,000 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ದೂರಿನ ಜೀವ ಇರುವುದು ಲೆಕ್ಕದ ಪಟ್ಟಿಯಲ್ಲಿ. ಅಲ್ಲಿನವರು ಮೆಮೊ ಆಫ್ ಕ್ಯಾಲ್ಕುಲೇಷನ್ ಎನ್ನುತ್ತಾರೆ. ಒಂದೊಂದು ಪಾವತಿಗೆ ಒಂದೊಂದು ಸಾಲು: ದಿನಾಂಕ, ಮೊತ್ತ, ರಸೀದಿ ಸಂಖ್ಯೆ, ಎಷ್ಟು ದಿನ, ಎಷ್ಟು ಬಡ್ಡಿ. ಬ್ಯಾಂಕು ಬಿಲ್ಡರ್‌ಗೆ ಬಿಡುಗಡೆ ಮಾಡಿದ ಸಾಲವೂ ನೀವು ಕೊಟ್ಟ ಹಣವೇ, ಅದನ್ನು ಮರೆಯುವವರಿದ್ದಾರೆ. ಬಡ್ಡಿ ದರ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್‌ಗೆ (ಬ್ಯಾಂಕು ಸಾಲದ ಬಡ್ಡಿಗೆ ಆಧಾರವಾಗಿ ಇಟ್ಟುಕೊಳ್ಳುವ ದರ) ಶೇ 2 ಸೇರಿಸಿದಷ್ಟು. ಲೆಕ್ಕಕ್ಕೆ ಒಟ್ಟು ಶೇ 11 ಎಂದಿಟ್ಟುಕೊಳ್ಳಿ: 40 ಲಕ್ಷ ಕೊಟ್ಟಿದ್ದರೆ ವರ್ಷಕ್ಕೆ 4.4 ಲಕ್ಷ, ತಿಂಗಳಿಗೆ ಸುಮಾರು 36,667 ರೂಪಾಯಿ. ತಡದ ಬಡ್ಡಿ ಶುರುವಾಗುವುದು ಕರಾರಿನಲ್ಲಿ ಕೊಟ್ಟ ಪೊಸೆಷನ್ ದಿನಾಂಕದ ಮರುದಿನದಿಂದ. ರೇರಾ ಪುಟದಲ್ಲಿ ಬಿಲ್ಡರ್ ಆಮೇಲೆ ವಿಸ್ತರಿಸಿಕೊಂಡ ದಿನಾಂಕದಿಂದ ಲೆಕ್ಕ ಹಾಕಿದರೆ ವರ್ಷಗಟ್ಟಲೆ ಬಡ್ಡಿ ನಿಮ್ಮ ಕೈಯಾರೆ ಬಿಟ್ಟಂತೆ.

ಆದೇಶ ನಿಮ್ಮ ಪರ ಬಂದ ದಿನ ಸಿಹಿ ಹಂಚಬೇಡಿ. ಬಿಲ್ಡರ್ 60 ದಿನದಲ್ಲಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಿಮಗೆ ಹಣ ಕೊಡಬೇಕೆಂಬ ಆದೇಶವಾದರೆ ಆ ಮೊತ್ತವನ್ನು ಮೊದಲು ಅಲ್ಲಿ ಠೇವಣಿ ಇಡಬೇಕು, ಅದು ನಿಮಗೆ ಅನುಕೂಲ. ಹೋಗದೆ, ಕೊಡದೆ ಸುಮ್ಮನಿದ್ದರೆ ನೀವು ಜಾರಿ ಅರ್ಜಿ ಹಾಕಿ ವಸೂಲಿ ಪ್ರಮಾಣಪತ್ರ ಪಡೆಯಬೇಕು. ಅದು ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗಿ ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಕಡತ ನಿಲ್ಲುವುದು ಈ ತಹಶೀಲ್ದಾರರ ಮೇಜಿನ ಮೇಲೆ. ಬಿಲ್ಡರ್‌ನ ಮಾರಾಟವಾಗದ ಫ್ಲಾಟುಗಳ ಸಂಖ್ಯೆ, ಬೇರೆ ಆಸ್ತಿಗಳ ಸರ್ವೆ ನಂಬರ್, ಬ್ಯಾಂಕ್ ಖಾತೆ ಇವನ್ನೆಲ್ಲ ನೀವೇ ಪಟ್ಟಿ ಮಾಡಿ ಕೊಟ್ಟರೆ ಜಪ್ತಿಗೆ ದಾರಿಯಾಗುತ್ತದೆ, ಅವರೇ ಹುಡುಕುತ್ತಾರೆ ಎಂದು ಕೂತರೆ ಕೂತಂತೆಯೇ. ಅಷ್ಟರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತೆಂದು ತಿಳಿದರೆ ವಸೂಲಿ ನಿಲ್ಲುತ್ತದೆ. ತಡ ಮಾಡದೆ, ಆ ಪ್ರಕ್ರಿಯೆ ನಡೆಸಲು ನೇಮಕವಾದ ಪರಿಹಾರ ವೃತ್ತಿಪರರ (ರೆಸಲ್ಯೂಷನ್ ಪ್ರೊಫೆಷನಲ್) ಬಳಿ ನಮೂನೆ ‘ಸಿಎ’ಯಲ್ಲಿ ಕ್ಲೇಮು ಹಾಕಿ. ಮನೆ ಕೊಂಡವರು ಅಲ್ಲಿ ಬ್ಯಾಂಕಿನ ಹಾಗೆ ಹಣಕಾಸು ಸಾಲದಾತರು, ಮತ ಹಾಕುವ ಹಕ್ಕಿದೆ.

ಕಂತು ತಪ್ಪಿದಾಗ

ಕೆಲಸ ಹೋಗಿ ಕಂತು ಕಟ್ಟಲಾಗದ ಸ್ಥಿತಿ ಬಂದರೆ ಮೊದಲ ತಿಂಗಳೇ ಶಾಖೆಗೆ ಹೋಗಿ ಅವಧಿ ವಿಸ್ತರಣೆಗೆ ಬರಹದಲ್ಲಿ ಕೇಳಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. 90 ದಿನ ಬಾಕಿ ಉಳಿದರೆ ಖಾತೆ ಅನುತ್ಪಾದಕ (ಎನ್‌ಪಿಎ) ಆಗುತ್ತದೆ, ಅಂದರೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ, ಆಮೇಲೆ ಶಾಖೆಯ ಮ್ಯಾನೇಜರ್ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಮಾಡಿದರೆ ಕಾಲ್ ಲಾಗ್ ಇಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಸಹಾಯವಾಣಿ 14448.

ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಂಡು ಮಾರಲು ಬಿಡುವ ಸರ್ಫೇಸಿ ಕಾಯ್ದೆಯ ಕಲಂ 13(2)ರ ನೋಟಿಸ್ ಬಂತೆಂದರೆ 60 ದಿನ ಸಿಕ್ಕಿತು. ಈ 60 ದಿನ ಸುಮ್ಮನಿರುವುದೇ ಜನ ಮಾಡುವ ದೊಡ್ಡ ತಪ್ಪು. ಲೆಕ್ಕದಲ್ಲಿ ತಪ್ಪಿದ್ದರೆ, ಕಟ್ಟಲು ಯೋಜನೆಯಿದ್ದರೆ ಲಿಖಿತ ಆಕ್ಷೇಪಣೆ ಕೊಡಿ. ಬ್ಯಾಂಕು ಅದಕ್ಕೆ 15 ದಿನದೊಳಗೆ ಕಾರಣ ಸಮೇತ ಉತ್ತರಿಸಬೇಕು. ಆಮೇಲೆ 13(4)ರಡಿ ಸ್ವಾಧೀನಕ್ಕೆ ಬಂದರೆ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹಾಕಲು 45 ದಿನ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಬಾಕಿಯೆಲ್ಲ ಕಟ್ಟಿದರೆ ಮಾತ್ರ ಮನೆ ಬಿಡಿಸಿಕೊಳ್ಳುವ ಹಕ್ಕು. ಪೂರ್ತಿ ಕಟ್ಟಲಾಗದು ಎಂದು ಗೊತ್ತಾದರೆ ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಗಿರಾಕಿ ಹುಡುಕಿ ಮಾರುವುದು ಮೇಲು. ಹರಾಜಿನಲ್ಲಿ ಬೆಲೆ ಇಳಿಯುತ್ತದೆ.

ಸಾಲ ತೀರಿಸಿದವರಿಗೂ ಒಂದು ಮಾತು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಪೂರ್ತಿ ತೀರಿಸಿದ 30 ದಿನದೊಳಗೆ ಮೂಲ ಪತ್ರಗಳು ನಿಮ್ಮ ಕೈ ಸೇರಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ಪತ್ರ ತರುವ ದಿನ, ಸಾಲ ಪಡೆಯುವಾಗ ಬ್ಯಾಂಕು ಕೊಟ್ಟಿದ್ದ ದಾಖಲೆಗಳ ಪಟ್ಟಿ ಜೊತೆಗಿರಲಿ. ಒಂದೊಂದಕ್ಕೂ ಟಿಕ್ ಹಾಕಿಕೊಂಡ ಮೇಲೆಯೇ ಸ್ವೀಕೃತಿಗೆ ಸಹಿ ಹಾಕಿ. ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆ ಪತ್ರವೂ ನೋಂದಣಿಯಾಗಿ ಇಸಿಯಲ್ಲಿ ಕಾಣಬೇಕು, ಸೆರ್ಸಾಯ್‌ನಲ್ಲೂ ತೀರಿತೆಂದು ದಾಖಲಾಗಬೇಕು. ಎರಡು ವಾರ ಬಿಟ್ಟು ಎರಡನ್ನೂ ಮತ್ತೊಮ್ಮೆ ತೆಗೆದು ನೋಡಿ.